ಅಪ್‌ಡೇಟ್ ಒತ್ತುವ ಮುಂಚೆ ಬ್ಯಾಟರಿ ನೋಡಿ: ಮೂರು ವರ್ಷ ಕಾರು ಓಡಿಸಿದ ಅನುಭವ

ಕಾರು ತಗೊಂಡು ಮೂರು ವರ್ಷ ಎರಡು ತಿಂಗಳಾಯಿತು. ಮೀಟರ್ 46,000 ಕಿಲೋಮೀಟರ್ ದಾಟಿದೆ. ಎಂಜಿನ್, ಮೈಲೇಜ್, ಸಸ್ಪೆನ್ಷನ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ. ಕಾರು ಕೈಗೆ ಬಂದ ಮೇಲೆ ಅದರಲ್ಲಿ ಏನೇನು ಬದಲಾಯಿತು ಅನ್ನುವುದಷ್ಟೇ ಇಲ್ಲಿದೆ. ಕಂಪನಿ ಕಳಿಸಿದ ಏಳು ಸಾಫ್ಟ್‌ವೇರ್ ಅಪ್‌ಡೇಟ್, ನಾನು ಹಾಕಿಸಿದ ಐದು ಸಣ್ಣ ಸಾಮಾನು. ಇವೆರಡಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಎರಡನೇ ವರ್ಷದಲ್ಲಿ ಗೊತ್ತಾಯಿತು, ಎರಡೂ ಕುಡಿಯುವುದು ಒಂದೇ ಬಾವಿಯ ನೀರು. ಬಾನೆಟ್ ಕೆಳಗಿರುವ 12 ವೋಲ್ಟ್ ಬ್ಯಾಟರಿಯೇ ಆ ಬಾವಿ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಹೊಸದರಲ್ಲಿ ರಿವರ್ಸ್ ಹಾಕಿದರೆ ಹಿಂದಿನ ಕ್ಯಾಮೆರಾ ಬರಲು ನಾಲ್ಕೈದು ಸೆಕೆಂಡ್ ಬೇಕಾಗುತ್ತಿತ್ತು. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಂತೂ ಇನ್ನೂ ಜಾಸ್ತಿ. ಅಷ್ಟು ಹೊತ್ತು ಬ್ರೇಕ್ ಒತ್ತಿಕೊಂಡು ಕಪ್ಪು ಸ್ಕ್ರೀನ್ ನೋಡುತ್ತಾ ಕೂರಬೇಕಿತ್ತು. ಎರಡನೇ ಅಪ್‌ಡೇಟ್ ಆದ ಮೇಲೆ ಗೇರ್ ಬಿದ್ದ ಕೂಡಲೇ ಚಿತ್ರ ಬರುತ್ತದೆ. ಕ್ಯಾಮೆರಾ ಅದೇ, ವೈರ್ ಅದೇ. ಯಾರೂ ಸ್ಕ್ರೂಡ್ರೈವರ್ ಹಿಡಿಯಲಿಲ್ಲ.

ಸಾಫ್ಟ್‌ವೇರ್ ಇದಕ್ಕಿಂತ ದೊಡ್ಡ ಕೆಲಸವನ್ನೂ ಮಾಡಬಲ್ಲದು. 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಟೆಸ್ಲಾ ಮಾಡೆಲ್ 3 ಕಾರಿನ ಬ್ರೇಕ್ ಪರೀಕ್ಷೆ ಮಾಡಿತ್ತು. ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಲು 152 ಅಡಿ ಬೇಕಾಯಿತು. ಕಂಪನಿ ಗಾಳಿಯಲ್ಲೇ, ಅಂದರೆ ಇಂಟರ್ನೆಟ್ ಮೂಲಕ, ಒಂದು ಅಪ್‌ಡೇಟ್ ಕಳಿಸಿತು. ಮತ್ತೆ ಅಳೆದಾಗ 133 ಅಡಿ. 19 ಅಡಿ ಅಂದರೆ ಒಂದು ಕಾರಿನ ಉದ್ದಕ್ಕಿಂತ ಜಾಸ್ತಿ. ಬ್ರೇಕ್ ಹಿಡಿಯುವ ರೀತಿಯನ್ನೇ ಬದಲಿಸುವ ವಸ್ತು ಇದು. ಅದಕ್ಕೇ ಫೋನ್ ಅಪ್‌ಡೇಟ್ ಥರ ಸುಮ್ನೆ ಓಕೆ ಒತ್ತಿಬಿಡುವುದು ಸರಿಯಲ್ಲ.

ಮೂರನೇ ಅಪ್‌ಡೇಟ್ ನನಗೆ ಬೇಸರ ತರಿಸಿತು. ಏಸಿ ಫ್ಯಾನಿನ ಬಟನ್ ಮೊದಲು ಸ್ಕ್ರೀನ್ ಮೇಲೇ ಕೆಳ ಅಂಚಿನಲ್ಲಿತ್ತು. ಅದನ್ನು ತೆಗೆದು ಇನ್ನೊಂದು ಮೆನು ಒಳಗೆ ಇಟ್ಟರು. ಗಾಡಿ ಓಡಿಸುತ್ತಾ ಒಂದು ಸಲ ಒತ್ತಿದರೆ ಆಗುತ್ತಿದ್ದ ಕೆಲಸಕ್ಕೆ ಈಗ ಮೂರು ಸಲ ಒತ್ತಬೇಕು, ಅಷ್ಟು ಹೊತ್ತು ಕಣ್ಣು ರಸ್ತೆ ಮೇಲಿರುವುದಿಲ್ಲ. ಸಾಲದ್ದಕ್ಕೆ ನಾನು ಮಾಡಿಟ್ಟುಕೊಂಡಿದ್ದ ಸೆಟ್ಟಿಂಗ್ಸ್ ಎಲ್ಲಾ ಹೋಗಿತ್ತು. ಬಾಗಿಲು ತಾನಾಗಿ ಲಾಕ್ ಆಗುವುದು, ಲೇನ್ ವಾರ್ನಿಂಗ್, ಹೆಡ್‌ಲೈಟ್ ಆರುವ ಸಮಯ, ಎಲ್ಲ ಮೊದಲಿನಿಂದ. ಆವತ್ತಿನಿಂದ ಪ್ರತಿ ಅಪ್‌ಡೇಟ್ ಮುಂಚೆ ಸೆಟ್ಟಿಂಗ್ಸ್‌ನ ಒಂದೊಂದು ಪುಟದ ಫೋಟೋ ತೆಗೆದಿಡುತ್ತೇನೆ. ಎರಡು ನಿಮಿಷದ ಕೆಲಸ.

ಈಗ ಐದನೇ ಅಪ್‌ಡೇಟ್ ಕಥೆ. ನನ್ನ ಕಾರಿನಲ್ಲಿ ಆಗ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಇತ್ತು. ಪಾರ್ಕಿಂಗ್‌ನಲ್ಲೂ ರೆಕಾರ್ಡ್ ಆಗಲಿ ಅಂತ ಅದನ್ನು ಫ್ಯೂಸ್ ಬಾಕ್ಸ್‌ನಲ್ಲಿ ಯಾವಾಗಲೂ ಕರೆಂಟ್ ಇರುವ ಫ್ಯೂಸ್‌ಗೆ ಕೊಡಿಸಿದ್ದೆ. ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟ್‌ಗೆ (ಕಾರಿನ ದೋಷ ನೋಡಲು ಮೆಕ್ಯಾನಿಕ್‌ಗಳು ಯಂತ್ರ ಸಿಕ್ಕಿಸುವ ಜಾಗ) ಒಂದು ಬ್ಲೂಟೂತ್ ಡಾಂಗಲ್ ಸಿಕ್ಕಿಸಿದ್ದೆ, ಎಂಜಿನ್ ಬಿಸಿ, ಬ್ಯಾಟರಿ ವೋಲ್ಟೇಜ್ ಎಲ್ಲಾ ಫೋನಿನಲ್ಲಿ ನೋಡಲು. ಆ ಪೋರ್ಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಆ ತಿಂಗಳು ಓಡಾಟವೆಲ್ಲಾ ಹತ್ತು ನಿಮಿಷ, ಹದಿನೈದು ನಿಮಿಷದ್ದು. ಅಷ್ಟು ಹೊತ್ತಿಗೆ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ.

ರಾತ್ರಿ ಊಟ ಮುಗಿಸಿ ಹೋಗಿ ಅಪ್‌ಡೇಟ್ ಒತ್ತಿದೆ. 35 ನಿಮಿಷ ಬೇಕು, ಎಂಜಿನ್ ಆಫ್ ಇರಬೇಕು ಅಂತ ಬಂತು. ನೀಲಿ ಗೆರೆ ನಿಧಾನವಾಗಿ ಮುಂದೆ ಹೋಗುತ್ತಿತ್ತು. 64 ಪರ್ಸೆಂಟ್‌ಗೆ ಬಂದು ನಿಂತಿತು. ಹತ್ತು ನಿಮಿಷ ಕಾದೆ. ಆಮೇಲೆ ಸ್ಕ್ರೀನ್ ಒಮ್ಮೆ ಮಿಣುಕಿ ಪೂರ್ತಿ ಕಪ್ಪಾಯಿತು. ರಿಮೋಟ್ ಒತ್ತಿದರೆ ಬಾಗಿಲು ಲಾಕ್ ಆಗಲಿಲ್ಲ. ಸ್ಟಾರ್ಟ್ ಮಾಡಲು ಹೋದರೆ ಟಕ್ ಟಕ್ ಟಕ್ ಅಂತ ರಿಲೇ ಸದ್ದು, ಅಷ್ಟೇ. ಮಲ್ಟಿಮೀಟರ್ ತಂದು ಬ್ಯಾಟರಿಗೆ ಹಿಡಿದೆ. 11.7 ವೋಲ್ಟ್. ಪೂರ್ತಿ ತುಂಬಿದ ಬ್ಯಾಟರಿ ಸುಮ್ನೆ ಇದ್ದಾಗ 12.6ರ ಹತ್ತಿರ ತೋರಿಸಬೇಕು. 12.2 ಅಂದರೆ ಅರ್ಧ. 11.7 ಅಂದರೆ ತಳ ಕಂಡಿದೆ.

ಮಾರನೇ ದಿನ ಗಾಡಿಯನ್ನು ಎಳೆಸಿಕೊಂಡು ಸರ್ವೀಸ್ ಸೆಂಟರ್‌ಗೆ ಹೋದೆ. ಅಲ್ಲಿನ ಟೆಕ್ನಿಷಿಯನ್ ಮೊದಲು ಬಗ್ಗಿ ನೋಡಿದ್ದೇ ಸ್ಟೀರಿಂಗ್ ಕೆಳಗೆ. "ಸರ್, ಈ ಡಾಂಗಲ್ ಯಾವಾಗಲೂ ಹೀಗೇ ಇರುತ್ತಾ?" ಅಂತ ಕೇಳಿದರು. ಹೌದು ಅಂದೆ. ಅದನ್ನು ಕಿತ್ತು ನನ್ನ ಕೈಗೆ ಕೊಟ್ಟು, ಬ್ಯಾಟರಿಗೆ ಚಾರ್ಜರ್ ಹಾಕಿಟ್ಟುಕೊಂಡೇ ಅಪ್‌ಡೇಟ್ ಮತ್ತೆ ಶುರು ಮಾಡಿದರು. ಎರಡು ದಿನ ಕಾರು ಅಲ್ಲೇ ಇತ್ತು.

ನನ್ನ ತಪ್ಪು ಇದೆ, ಒಪ್ಪುತ್ತೇನೆ. ಆದರೆ ಕಾರಿನ ಕಂಪನಿ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಾಹನಗಳ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಅಂತಲೇ ವಿಶ್ವಸಂಸ್ಥೆಯ 156ನೇ ನಿಯಮ ಇದೆ, 2021ರ ಜನವರಿಯಲ್ಲಿ ಜಾರಿಗೆ ಬಂತು. ಗಾಳಿಯಲ್ಲಿ ಬರುವ ಅಪ್‌ಡೇಟ್ ಮುಗಿಯುವಷ್ಟು ಕರೆಂಟ್ ಇದ್ದರೆ ಮಾತ್ರ ಅದು ಶುರುವಾಗಬೇಕು, ಮಧ್ಯದಲ್ಲಿ ಕೆಟ್ಟರೆ ಹಳೆಯ ವರ್ಷನ್‌ಗೆ ವಾಪಸ್ ಹೋಗಬೇಕು ಅಥವಾ ಗಾಡಿ ಸುರಕ್ಷಿತ ಸ್ಥಿತಿಯಲ್ಲಿ ನಿಲ್ಲಬೇಕು ಅಂತ ಅದರಲ್ಲಿದೆ. ಎಷ್ಟು ಹೊತ್ತು ಹಿಡಿಯುತ್ತದೆ, ಏನು ಬದಲಾಗುತ್ತದೆ ಅಂತ ಮೊದಲೇ ಓಡಿಸುವವರಿಗೆ ತಿಳಿಸಬೇಕು ಅಂತಲೂ ಇದೆ. ಎಲ್ಲಾ ದೇಶಗಳೂ ಅದನ್ನು ಒಪ್ಪಿಲ್ಲ, ಸರಿ. ಆದರೂ ಬ್ಯಾಟರಿ ವೋಲ್ಟೇಜ್ ಕಾರಿಗೇ ಗೊತ್ತಿರುತ್ತದೆ ಅಲ್ವಾ? ಈಗ ಬೇಡ, ಮೊದಲು ಸ್ವಲ್ಪ ದೂರ ಓಡಿಸಿ ಅಂತ ಒಂದು ಸಾಲು ತೋರಿಸಿದ್ದರೆ ಸಾಕಿತ್ತು.

ಆಮೇಲೆ ಡ್ಯಾಶ್‌ಕ್ಯಾಮ್ ಕೆಲಸವನ್ನು ಪೂರ್ತಿ ಬಿಚ್ಚಿಸಿ ಮತ್ತೆ ಮಾಡಿಸಿದೆ. ಅದರ ವೈರಿಂಗ್ ಕಿಟ್‌ನಲ್ಲಿ ವೋಲ್ಟೇಜ್ ಇಳಿದಾಗ ಕ್ಯಾಮೆರಾ ಆಫ್ ಮಾಡುವ ಸ್ವಿಚ್ ಇದೆ. ಅದು 11.8ಕ್ಕೆ ಇತ್ತು, 12.2ಕ್ಕೆ ಏರಿಸಿದೆ. ಪಾರ್ಕಿಂಗ್ ರೆಕಾರ್ಡಿಂಗ್ ಈಗ ಕೆಲವೇ ಗಂಟೆ ಬರುತ್ತದೆ. ನನಗೆ ಅಷ್ಟು ಸಾಕು. ಬಿಚ್ಚಿದಾಗ ಇನ್ನೊಂದು ಕಂಡಿತು. ಮುಂದಿನ ಗಾಜಿನ ಪಕ್ಕದ ಕಂಬದ ಟ್ರಿಮ್ ಒಳಗೆ ಮಡಿಸಿಟ್ಟ ಕರ್ಟನ್ ಏರ್‌ಬ್ಯಾಗ್ ಇದೆ. ಕ್ಯಾಮೆರಾ ವೈರನ್ನು ಅದರ ಮುಂದೆ ಅಡ್ಡ ಎಳೆದಿದ್ದರು. ಏರ್‌ಬ್ಯಾಗ್ ತೆರೆದುಕೊಳ್ಳುವ ದಾರಿ ಅದು. ವೈರ್ ಏರ್‌ಬ್ಯಾಗ್ ಹಿಂದಿನಿಂದಲೇ ಹೋಗಬೇಕು. ಡ್ಯಾಶ್‌ಕ್ಯಾಮ್ ಹಾಕಿಸಿದವರು ದಯವಿಟ್ಟು ಇದೊಂದನ್ನು ಬಿಚ್ಚಿಸಿ ನೋಡಿ. ಹಾಗೇ ಮಾಮೂಲಿ ಮೆಮೊರಿ ಕಾರ್ಡ್ ಹಾಕಬೇಡಿ. ಹಗಲೂ ರಾತ್ರಿ ಬರೆದು ಅಳಿಸಿ ನನ್ನದು ಎಂಟೇ ತಿಂಗಳಿಗೆ ಸತ್ತಿತು. ಹೈ ಎಂಡ್ಯೂರೆನ್ಸ್ ಅಂತ ಬರೆದಿರುವ ಕಾರ್ಡ್ ಈಗ ಎರಡು ವರ್ಷದಿಂದ ಓಡುತ್ತಿದೆ.

ಎಲ್ಲಾ ಸಾಮಾನಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಟೈರ್ ಪ್ರೆಶರ್ ತೋರಿಸುವ ಸೆನ್ಸರ್. ವಾಲ್ವ್ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಮಾದರಿ, ಒಳಗೆ ಚಿಕ್ಕ ಬಟನ್ ಸೆಲ್. ಒಂದು ದಿನ ಹಿಂದಿನ ಎಡ ಟೈರ್ 33 ಪಿಎಸ್ಐ (ಟೈರ್ ಗಾಳಿಯ ಒತ್ತಡದ ಅಳತೆ) ಬದಲು 31 ತೋರಿಸಿತು. ಬಿಸಿಲು, ಚಳಿಗೆ ಗಾಳಿ ಏರಿಳಿಯುವುದು ಇದ್ದದ್ದೇ, 10 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು ಒಂದೂವರೆ ಪಿಎಸ್ಐ. ಆದರೆ ಹಾಗಿದ್ದರೆ ನಾಲ್ಕೂ ಟೈರ್ ಇಳಿಯಬೇಕು. ಮಾರನೇ ದಿನ ಅದೊಂದೇ 28ಕ್ಕೆ ಬಂತು. ಬಗ್ಗಿ ಕೈಯಾಡಿಸಿದರೆ ಅಂಚಿನ ಹತ್ತಿರ ಸಣ್ಣ ಮೊಳೆ. ಕಣ್ಣಿಗೆ ಟೈರ್ ಚೆನ್ನಾಗಿಯೇ ಕಾಣುತ್ತಿತ್ತು.

ಫೋನನ್ನು ವೈರ್ ಇಲ್ಲದೆ ಕಾರಿನ ಸ್ಕ್ರೀನ್‌ಗೆ ಜೋಡಿಸುವ ವೈರ್‌ಲೆಸ್ ಅಡಾಪ್ಟರ್ ಪರವಾಗಿಲ್ಲ. ಆರನೇ ಅಪ್‌ಡೇಟ್ ಆದಾಗ ಅದು ಕನೆಕ್ಟ್ ಆಗುವುದೇ ನಿಂತಿತು, ಅಡಾಪ್ಟರ್‌ನದೇ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಬದಲಿಸಿದ ಮೇಲೆ ಸರಿಹೋಯಿತು. ಮ್ಯಾಟ್ ಹಾಕಿಸುವವರು ಡ್ರೈವರ್ ಕಡೆ ಹುಕ್ ಕೂರುತ್ತದಾ ನೋಡಿ, ಹಳೆಯದರ ಮೇಲೆ ಹೊಸದು ಹಾಸಬೇಡಿ. ಜಾರಿ ಆಕ್ಸಿಲರೇಟರ್ ಕೆಳಗೆ ಸೇರಿಕೊಂಡರೆ ಕಷ್ಟ.

ಡಾಂಗಲ್ ಈಗ ಗ್ಲೋವ್ ಬಾಕ್ಸ್‌ನಲ್ಲಿದೆ, ಬೇಕಾದಾಗ ಮಾತ್ರ ಸಿಕ್ಕಿಸುತ್ತೇನೆ. ಎಂಟನೇ ಅಪ್‌ಡೇಟ್ ಬಂದಿದೆ ಅಂತ ನಿನ್ನೆಯಿಂದ ಸ್ಕ್ರೀನ್ ಮೇಲೆ ತೋರಿಸುತ್ತಿದೆ. ಬೆಳಿಗ್ಗೆ ಮೀಟರ್ ಹಿಡಿದೆ, 12.3 ಇತ್ತು. ಭಾನುವಾರ ಮೂರು ಗಂಟೆಯ ಪ್ರಯಾಣ ಇದೆ. ಹೋಗಿ ಬಂದು, ಡ್ಯಾಶ್‌ಕ್ಯಾಮ್ ಫ್ಯೂಸ್ ತೆಗೆದಿಟ್ಟು, ಆಮೇಲೆ ಒತ್ತುತ್ತೇನೆ. ಏಸಿ ಬಟನ್ ಹಳೆಯ ಜಾಗಕ್ಕೆ ಬಂದಿದ್ದರೆ ಇಲ್ಲೇ ಬರೆಯುತ್ತೇನೆ.