ಆಗಾಗ ಬರುವ 502: ದುಡ್ಡು ಕೊಟ್ಟ ಟೂಲ್‌ಗಿಂತ ಎಂಜಿನ್‌ಎಕ್ಸ್ ಲಾಗೇ ವಾಸಿ

ಸರ್ವರ್ ಪೂರ್ತಿ ಬಿದ್ದರೆ ಕಾರಣ ಹುಡುಕುವುದು ಸುಲಭ. ಆಗೊಮ್ಮೆ ಈಗೊಮ್ಮೆ 502 (ಮುಂದೆ ನಿಂತ ವೆಬ್ ಸರ್ವರ್‌ಗೆ ಹಿಂದಿನ ಆಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅನ್ನುವ ಎರರ್) ತೋರಿಸಿ, ಮತ್ತೆ ಏನೂ ಆಗದ ಹಾಗೆ ಓಡುವ ಆಪ್ ಪ್ರಾಣ ಹಿಂಡುತ್ತದೆ. ನಮ್ಮ ಬಿಲ್ಲಿಂಗ್ ಆಪ್‌ನಲ್ಲಿ ಹೀಗಾದಾಗ ಮೂರು ದಾರಿ ನೋಡಿದೆ: ದುಡ್ಡು ಕೊಟ್ಟು ತಗೊಂಡ ಮಾನಿಟರಿಂಗ್ ಟೂಲ್, ಸೈಟ್ ಎದ್ದಿದೆಯಾ ಅಂತ ನೋಡುವ ಉಚಿತ ಅಪ್‌ಟೈಮ್ ಚೆಕರ್, ರಿಕ್ವೆಸ್ಟ್‌ಗಳನ್ನು ಆಪ್‌ಗೆ ದಾಟಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಸ್ವಂತ ಲಾಗ್. ನನ್ನ ಓಟು ಲಾಗ್‌ಗೆ.

ಟೂಲ್‌ಗೆ ದುಡ್ಡು ಕಟ್ಟಿದ್ದೇ ಈ 502ಗಾಗಿ. ಆದರೆ ಅಂಗಡಿಯವರು ಫೋನ್ ಮಾಡಿ, "ಸರ್, ಬಿಲ್ ಸೇವ್ ಆಗ್ತಿಲ್ಲ, ಇನ್ನೊಂದ್ಸಲ ಒತ್ತಿದ್ರೆ ಆಗತ್ತೆ" ಅನ್ನುವ ಹೊತ್ತಿಗೂ ಅದರ ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು! ಅದರ ಏಜೆಂಟ್, ಅಂದರೆ ಮಾಹಿತಿ ಕಲೆಹಾಕುವ ಭಾಗ, ಕೂರುವುದು ಆಪ್ ಒಳಗೆ. ಆ ರಿಕ್ವೆಸ್ಟ್ ನಮ್ಮ ಕೋಡ್‌ವರೆಗೆ ಬಂದೇ ಇರಲಿಲ್ಲ. ಹೊಸ್ತಿಲು ದಾಟದವರ ಲೆಕ್ಕ ಒಳಮನೆಯಲ್ಲಿ ಕೂತವರಿಗೆ ಹೇಗೆ ಸಿಗಬೇಕು?

ಚೆಕರ್ ಕೆಲವು ನಿಮಿಷಕ್ಕೊಮ್ಮೆ ಒಂದು ಗೆಟ್ (ಪುಟ ಕೇಳುವ ರಿಕ್ವೆಸ್ಟ್) ಕಳಿಸಿ, 200, ಅಂದರೆ ಎಲ್ಲ ಸರಿ ಅಂತ ಬಂದರೆ ಸುಮ್ಮನಾಗುತ್ತದೆ. ನಮ್ಮ ತೊಂದರೆ ಇದ್ದದ್ದು ಪೋಸ್ಟ್‌ನಲ್ಲಿ, ಅಂದರೆ ಬಿಲ್ ಸೇವ್ ಮಾಡಲು ಮಾಹಿತಿ ಕಳಿಸುವ ರಿಕ್ವೆಸ್ಟ್‌ನಲ್ಲಿ.

ಕೊನೆಗೆ ಲಾಗ್ ಫಾರ್ಮ್ಯಾಟ್‌ಗೆ ಅಪ್‌ಸ್ಟ್ರೀಮ್ (ಹಿಂದಿರುವ ಆಪ್) ಸ್ಟೇಟಸ್, ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ ಸೇರಿಸಿ, 502 ಇರುವ ಸಾಲುಗಳನ್ನು ಗ್ರೆಪ್ ಮಾಡಿ ಹುಡುಕಿದೆ. ಎಲ್ಲವೂ ಪೋಸ್ಟ್. ಸಮಯ 0.001 ಸೆಕೆಂಡ್ ಆಸುಪಾಸು. ಅಂದರೆ ಆಪ್ ನಿಧಾನವಾಗಿದ್ದಲ್ಲ, ಕನೆಕ್ಷನ್ನೇ ಮುಚ್ಚಿತ್ತು. ಎರರ್ ಲಾಗ್‌ನಲ್ಲೂ ಅದೇ ಹೊತ್ತಿಗೆ "ಅಪ್‌ಸ್ಟ್ರೀಮ್ ಪ್ರಿಮೆಚ್ಯೂರ್ಲಿ ಕ್ಲೋಸ್ಡ್ ಕನೆಕ್ಷನ್", ಅಂದರೆ ಆಪ್ ಅವಧಿಗೆ ಮೊದಲೇ ಕನೆಕ್ಷನ್ ಮುಚ್ಚಿತು ಅಂತ ಇತ್ತು.

ಆಗಿದ್ದು ಹೀಗೆ. ನಮ್ಮ ಸೆಟ್ಟಿಂಗ್‌ನಲ್ಲಿ ಎಂಜಿನ್‌ಎಕ್ಸ್ ಆಪ್ ಜೊತೆಗಿನ ಕನೆಕ್ಷನ್ ಅನ್ನು ಮತ್ತೆ ಬಳಸಲು 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಆಪ್ ಓಡುವುದು ನೋಡ್ (Node.js) ಮೇಲೆ; ನಾವು ಬಳಸುವ ಅದರ ಆವೃತ್ತಿ ಮಾತ್ರ 5 ಸೆಕೆಂಡ್ ಸುಮ್ನೆ ಬಿದ್ದಿರುವ ಕನೆಕ್ಷನ್ ಅನ್ನು ಮುಚ್ಚಿಬಿಡುತ್ತದೆ. ನೋಡ್ ಮುಚ್ಚುವ ಕ್ಷಣಕ್ಕೇ ಎಂಜಿನ್‌ಎಕ್ಸ್ ರಿಕ್ವೆಸ್ಟ್ ಕಳಿಸಿದರೆ 502. ಗೆಟ್ ಆದರೆ ಎಂಜಿನ್‌ಎಕ್ಸ್ ತಾನೇ ಮತ್ತೆ ಕಳಿಸುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಪೋಸ್ಟ್ ಅನ್ನು ಹಾಗೆ ಮತ್ತೆ ಕಳಿಸುವುದಿಲ್ಲ. ಕಳಿಸದಿರುವುದೇ ಸರಿ, ಒಂದೇ ಬಿಲ್ ಎರಡು ಸಲ ಸೇವ್ ಆದರೆ ಯಾರು ಉತ್ತರ ಕೊಡಬೇಕು, ಅಲ್ವಾ? ಪೋಸ್ಟನ್ನೂ ಮತ್ತೆ ಕಳಿಸುವ ಹಾಗೆ ಮಾಡುವ ಸೆಟ್ಟಿಂಗ್ ಇದೆ. ಬಿಲ್ಲಿಂಗ್‌ನಲ್ಲಿ ಅದನ್ನು ಮುಟ್ಟಲೇಬೇಡಿ. ವ್ಯಾಪಾರ ಜೋರಿದ್ದಾಗ ಕನೆಕ್ಷನ್‌ಗಳಿಗೆ ಬಿಡುವೇ ಇಲ್ಲ, ಆಗ ತೊಂದರೆ ಕಡಿಮೆ. ಮಧ್ಯಾಹ್ನದ ಮಂದ ಹೊತ್ತಿನಲ್ಲೇ ಜಾಸ್ತಿ ಬರುತ್ತಿತ್ತು. ಲೋಡ್ ಜಾಸ್ತಿಯಾಯ್ತು ಅಂತ ಸರ್ವರ್ ದೊಡ್ಡದು ಮಾಡಿದ್ದರೆ ಏನೂ ಉಪಯೋಗ ಆಗುತ್ತಿರಲಿಲ್ಲ.

ಸುಮ್ನೆ ಬಿದ್ದಿರುವ ಕನೆಕ್ಷನ್ ಅನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಅನ್ನುವ ನೋಡ್‌ನ ಕೀಪ್ ಅಲೈವ್ ಟೈಮ್‌ಔಟ್ ಅನ್ನು 65 ಸೆಕೆಂಡ್‌ಗೆ ಏರಿಸಿದೆ. ಆ 502 ನಿಂತಿತು.

504 (ಆಪ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡದಿದ್ದಾಗ ಬರುವ ಎರರ್) ಬೇರೆ ಕಥೆ. ಅಲ್ಲಿ ನಿಧಾನವಾದ ಡೇಟಾಬೇಸ್ ಕ್ವೆರಿ ತೋರಿಸುವುದರಲ್ಲಿ ಆ ದುಡ್ಡಿನ ಟೂಲ್ ನಿಜಕ್ಕೂ ಚೆನ್ನಾಗಿದೆ. ಹತ್ತಾರು ಸರ್ವಿಸ್ ಇರುವ ತಂಡಕ್ಕೆ ಅದು ಬೇಕು. ನಮ್ಮದು ಒಂದೇ ಸರ್ವರ್, ಬಜೆಟ್ ಚಿಕ್ಕದು, ಟರ್ಮಿನಲ್ ನನಗೆ ರೂಢಿ. ಹಾಗಾಗಿ ರಿನ್ಯೂ ಮಾಡಲಿಲ್ಲ. ಚೆಕರ್ ಉಳಿಸಿಕೊಂಡೆ, ರಾತ್ರಿ ಸರ್ವರ್ ಬಿದ್ದರೆ ಎಬ್ಬಿಸಲು. ಲಾಗ್ ನಂಬುವವರು ಹಳೆಯ ಫೈಲ್ ಎಷ್ಟು ದಿನ ಉಳಿಯುತ್ತದೆ ಅಂತ ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನಲ್ಲಿ ಈಗಲೇ ನೋಡಿಕೊಳ್ಳಿ. ದೂರು ಬರುವುದು ವಾರ ಕಳೆದ ಮೇಲೆ.