ನಂಬರ್ ಅಸಲಿ, ಏಜೆಂಟ್ ನಕಲಿ

ಹೊಸ ಪ್ರಾಜೆಕ್ಟಿನಲ್ಲಿ ಫ್ಲಾಟ್ ನೋಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಏಜೆಂಟ್ ಕೊಟ್ಟ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಅದರ ವೆಬ್‌ಸೈಟಿನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಬುಕಿಂಗ್ ದುಡ್ಡು ಕೊಡಬೇಡಿ. ಆ ನಂಬರ್ ಯಾರದ್ದು ಅಂತ ಮೊದಲು ನೋಡಿ.

ನನ್ನ ಅಕ್ಕ, ಭಾವ ಹೀಗೇ ದುಡ್ಡು ಕಳೆದುಕೊಂಡಿದ್ದಾರೆ. ಭಾವ ಯಾರನ್ನೂ ಸುಮ್ನೆ ನಂಬುವವರಲ್ಲ. ಮೊದಲ ಭೇಟಿಯಲ್ಲೇ ನಂಬರ್ ಕೇಳಿದರು. ಆತ ವಾಟ್ಸಾಪಿನಲ್ಲಿ ನೋಂದಣಿ ಪತ್ರವನ್ನೇ ಕಳಿಸಿದ. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹುಡುಕಿದರೆ ನಂಬರ್ ಇತ್ತು, ಅವಧಿಯೂ ಮುಗಿದಿರಲಿಲ್ಲ. ಹೆಸರು ಮಾತ್ರ ಒಂದು ಏಜೆನ್ಸಿಯದು. ‘ಅದು ನಮ್ಮದೇ ಆಫೀಸು ಸಾರ್, ನಾನು ಅಲ್ಲೇ ಕೆಲಸ ಮಾಡೋದು’ ಅಂದ. ಯಾರಿಗೆ ಅನುಮಾನ ಬರುತ್ತೆ ಹೇಳಿ? ‘ಈ ವಾರ ಬಿಟ್ಟರೆ ಈ ರೇಟಿಗೆ ಸಿಗಲ್ಲ’ ಅಂತ ಅವಸರ ಮಾಡಿ, ಬುಕಿಂಗ್ ಹಣವನ್ನು ತನ್ನ ಸ್ವಂತ ಖಾತೆಗೆ ಹಾಕಿಸಿಕೊಂಡ. ಆಮೇಲೆ ಫೋನ್ ಎತ್ತಲೇ ಇಲ್ಲ. ಬಿಲ್ಡರ್ ಆಫೀಸಿನಲ್ಲಿ ವಿಚಾರಿಸಿದರೆ ಅಕ್ಕನ ಹೆಸರಲ್ಲಿ ಯಾವ ಬುಕಿಂಗೂ ಇಲ್ಲ. ಏಜೆನ್ಸಿಯವರನ್ನು ಕೇಳಿದರೆ, ಆತ ಎಂದೋ ಕೆಲಸ ಬಿಟ್ಟವನು. ಅವರ ನೋಂದಣಿ ಪತ್ರದ ಫೋಟೋ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದ.

ಇದನ್ನು ತಡೆಯೋಕೆ ಕಾನೂನಿನಲ್ಲೇ ದಾರಿ ಇದೆ. ಅದು ಜನರಿಗೆ ಗೊತ್ತಿಲ್ಲ ಅನ್ನೋದೇ ನನ್ನ ಸಂಕಟ. 2016ರ ರೇರಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೋಂದಣಿ ಇಲ್ಲದ ಏಜೆಂಟ್ ರೇರಾ ಪ್ರಾಜೆಕ್ಟಿನ ಫ್ಲಾಟಾಗಲಿ ಸೈಟಾಗಲಿ ಮಾರಿಸುವಂತಿಲ್ಲ. ನೋಂದಣಿಯಾದ ಏಜೆಂಟರ ಹೆಸರು, ಫೋಟೋ ಎರಡೂ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣಬೇಕು ಅಂತ 34ನೇ ಸೆಕ್ಷನ್ ಹೇಳುತ್ತದೆ. ನೋಂದಣಿ ರದ್ದಾದವರ ವಿವರವೂ ಅಲ್ಲಿರಬೇಕು. ಹಾಗಾಗಿ ಎದುರಿಗೆ ನಿಂತ ಮನುಷ್ಯನ ಗುರುತಿನ ಚೀಟಿ ಕೇಳಿ. ಹೆಸರು, ಮುಖ ಎರಡನ್ನೂ ವೆಬ್‌ಸೈಟಿನಲ್ಲಿರುವುದರ ಜೊತೆ ತಾಳೆ ನೋಡಿ. ಏಜೆನ್ಸಿಯ ಹೆಸರಿದ್ದರೆ ಅಲ್ಲಿ ಕೊಟ್ಟ ವಿಳಾಸಕ್ಕೇ ಹೋಗಿ ‘ಇವರು ನಿಮ್ಮ ಕಡೆಯವರಾ?’ ಅಂತ ವಿಚಾರಿಸಿ. ಅವನ ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ ಏನುಪಯೋಗ? ಎತ್ತುವುದು ಅವನ ಕಡೆಯವರೇ ಅಲ್ವಾ.

ಪ್ರಾಜೆಕ್ಟಿನ ನಂಬರ್ ಬೇರೆ, ಏಜೆಂಟಿನದು ಬೇರೆ. ಕರ್ನಾಟಕದಲ್ಲಿ ಏಜೆಂಟ್ ನಂಬರಿನ ಮಧ್ಯೆ ‘ಎಜಿ’ ಅಂತ ಇರುತ್ತದೆ, ಪ್ರಾಜೆಕ್ಟಿನದರಲ್ಲಿ ‘ಪಿಆರ್’. ನೋಂದಣಿ ಆಯಾ ರಾಜ್ಯಕ್ಕೆ ಮಾತ್ರ, ಪಕ್ಕದ ರಾಜ್ಯದ ಪತ್ರ ಇಲ್ಲಿ ನಡೆಯಲ್ಲ. ಬಾಡಿಗೆ ಮನೆ ಹುಡುಕುವಾಗ ಈ ಕಾಯ್ದೆಯ ಆಸರೆ ಸಿಗುವುದಿಲ್ಲ, ಅಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಿ.

ಇನ್ನು ದುಡ್ಡಿನ ವಿಷಯ. ಫ್ಲಾಟಿನ ಹಣ ಬಿಲ್ಡರ್ ಖಾತೆಗೇ ಹೋಗಲಿ, ರಸೀದಿಯೂ ಅಲ್ಲಿಂದಲೇ ಬರಲಿ. ಏಜೆಂಟಿನ ಕಮಿಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ‘ನನಗೆ ಹಾಕಿ, ನಾನು ಕಟ್ಟುತ್ತೇನೆ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಭಾವ ಪೊಲೀಸರಿಗೂ ರೇರಾಗೂ ದೂರು ಕೊಟ್ಟಿದ್ದಾರೆ. ದುಡ್ಡು ಇನ್ನೂ ಬಂದಿಲ್ಲ. ನಿಮಗೂ ಹೀಗಾಗಿದ್ದರೆ ವಾಟ್ಸಾಪ್ ಮೆಸೇಜು, ಬ್ಯಾಂಕ್ ರಸೀದಿ ಯಾವುದನ್ನೂ ಅಳಿಸಬೇಡಿ. ದೂರು ಬರೆಯುವಾಗ ಮೊದಲು ಕೇಳುವುದೇ ಅವನ್ನು.