ನಾಯಿಯ ಕೂದಲಿಗೆ ಮನೆಯಲ್ಲೇ ಕ್ಲಿಪ್ಪರ್: ಬ್ರಾವೂರಾ ಸಾಕಾ, ಎಜಿಸಿ ಬೇಕಾ?

ಕ್ಲಿಪ್ಪರ್ ಕೊಳ್ಳುವಾಗ ಎಲ್ಲರೂ ಮೊದಲು ವಿಚಾರಿಸುವುದು ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಶಬ್ದ ಎಷ್ಟು ಅಂತ. ಅದಕ್ಕೂ ಮೊದಲು ಬ್ಲೇಡ್ ನೋಡಿ. ಕೂದಲು ಕತ್ತರಿಸುವುದು ಬ್ಲೇಡು, ನಾಯಿಯ ಚರ್ಮಕ್ಕೆ ತಾಗುವುದೂ ಬ್ಲೇಡೇ. ಮನೆಬಳಕೆಗೆ ಹೆಚ್ಚಾಗಿ ಕೇಳಿಬರುವ ಎರಡು ಯಂತ್ರಗಳು ವಾಲ್ ಕಂಪನಿಯ ಬ್ರಾವೂರಾ ಮತ್ತು ಆಂಡಿಸ್ ಕಂಪನಿಯ ಎರಡು ವೇಗದ ಎಜಿಸಿ. ಎರಡೂ ಒಳ್ಳೆಯವೇ. ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಬ್ರಾವೂರಾ ಹಗುರ, ಸುಮಾರು 250 ಗ್ರಾಂ. ಬ್ಯಾಟರಿ ತುಂಬಿದ್ದರೆ 90 ನಿಮಿಷ ಓಡುತ್ತದೆ, ತಂತಿ ಸಿಕ್ಕಿಸಿಕೊಂಡೂ ಬಳಸಬಹುದು. ಇದರ ಬ್ಲೇಡಿಗೆ ಫೈವ್-ಇನ್-ಒನ್ ಅನ್ನುತ್ತಾರೆ. ಪಕ್ಕದ ಸಣ್ಣ ಲಿವರ್ ಸರಿಸಿದರೆ 9, 10, 15, 30, 40 ಹೀಗೆ ಐದು ಅಳತೆ. ಸಂಖ್ಯೆ ದೊಡ್ಡದಾದಷ್ಟೂ ಉಳಿಯುವ ಕೂದಲು ಗಿಡ್ಡ: 10ರಲ್ಲಿ ಸುಮಾರು 1.5 ಮಿ.ಮೀ., 40ರಲ್ಲಿ ಒಂದು ಮಿ.ಮೀ.ಗಿಂತಲೂ ಕಡಿಮೆ. ಪಾದದ ಕೆಳಗಿನ ಮೆತ್ತೆಗಳ ನಡುವಿನ ಕೂದಲು, ಮುಖ, ಹೊಟ್ಟೆ, ಬಾಲದ ಕೆಳಭಾಗ ಇವಕ್ಕೆಲ್ಲ ಬ್ರಾವೂರಾ ಹೇಳಿ ಮಾಡಿಸಿದ ಹಾಗಿದೆ. ಶಿಹ್ ತ್ಸೂ, ಲಾಸಾ ಆಪ್ಸೊದಂಥ ಸಣ್ಣ ನಾಯಿಯ ಮೈಗೂ ಸಾಕು, ಕೂದಲು ಒಂದೂ ಗಂಟಿಲ್ಲದೆ ಬಾಚಿದ್ದರೆ.

ದಟ್ಟ ಕೂದಲಿನಲ್ಲಿ ಮಾತ್ರ ಇದು ಸೋಲುತ್ತದೆ. ಫೈವ್-ಇನ್-ಒನ್ ಬ್ಲೇಡಿನ ಹಲ್ಲುಗಳು ಸಣ್ಣವು, ಒತ್ತೊತ್ತಾಗಿವೆ. ಕಾಕರ್ ಸ್ಪ್ಯಾನಿಯಲ್ ಅಥವಾ ಪೂಡಲ್‌ನ ಮೈಗೆ ಇಟ್ಟರೆ ಕೂದಲು ಹಲ್ಲಿನ ಸಂದಿಗೆ ಸಲೀಸಾಗಿ ಹೋಗದೆ ಗೆರೆಗೆರೆಯಾಗಿ ಉಳಿಯುತ್ತದೆ. ಕೂದಲು ಉದ್ದ ಉಳಿಸಲು ಬ್ಲೇಡಿನ ಮೇಲೆ ಸಿಕ್ಕಿಸುವ, ಯಂತ್ರದ ಜೊತೆಗೇ ಬರುವ ಪ್ಲಾಸ್ಟಿಕ್ ಬಾಚಣಿಗೆಗಳೂ ದಟ್ಟ ಕೂದಲಲ್ಲಿ ಬಾಗುತ್ತವೆ, ಕೆಲವೊಮ್ಮೆ ಕಳಚಿಕೊಳ್ಳುತ್ತವೆ. ಕಳಚಿದ್ದು ಕಾಣದೆ ಕೈ ಮುಂದೆ ಹೋದರೆ ಅಲ್ಲೊಂದು ಬೋಳು ಪಟ್ಟಿ. ಲಿವರ್ ಕೂಡ ಬೆರಳು ತಾಗಿ ಸರಿಯುವುದುಂಟು. ಪ್ರತಿ ಸಲ ಯಂತ್ರ ಎತ್ತಿಕೊಂಡಾಗ ಅದು ಎಲ್ಲಿದೆ ನೋಡಿಕೊಳ್ಳಿ.

ಎಜಿಸಿ ಬೇರೆ ಜಾತಿಯ ಯಂತ್ರ. ಇದಕ್ಕೆ ಕೂರುವುದು ಎ-5 ಮಾದರಿಯ ಬಿಚ್ಚಿ ಹಾಕುವ ಬ್ಲೇಡು. ಆಂಡಿಸ್, ಆಸ್ಟರ್, ವಾಲ್ ಮೂರೂ ಕಂಪನಿಯ ಎ-5 ಬ್ಲೇಡುಗಳು ಒಂದರ ಯಂತ್ರಕ್ಕೆ ಇನ್ನೊಂದು ಹೊಂದುತ್ತವೆ. ಇದೇ ಇದರ ದೊಡ್ಡ ಲಾಭ: 7ಎಫ್ ಹಾಕಿದರೆ ಸುಮಾರು 3 ಮಿ.ಮೀ. ಕೂದಲು ಉಳಿಯುತ್ತದೆ, 5ಎಫ್ ಹಾಕಿದರೆ 6, 4ಎಫ್ ಹಾಕಿದರೆ 9.5, 3ಎಫ್ ಹಾಕಿದರೆ 13. ಬಾಚಣಿಗೆಯ ಹಂಗೇ ಇಲ್ಲ. ಕೊಳ್ಳುವಾಗ ಸಂಖ್ಯೆಯ ಮುಂದೆ ‘ಎಫ್’ ಇದೆಯಾ ನೋಡಿ. ಎಫ್ ಇಲ್ಲದ 7, 5, 4ರಲ್ಲಿ ಒಂದು ಬಿಟ್ಟು ಒಂದು ಹಲ್ಲು ಗಿಡ್ಡವಾಗಿರುತ್ತದೆ; ಆ ಅಗಲದ ಸಂದಿಗೆ ಕಂಕುಳ, ತೊಡೆಸಂದಿನ ಸಡಿಲ ಚರ್ಮ ಸಿಕ್ಕಿ ಸೀಳುತ್ತದೆ. ಹೊಸಬರು ಅದನ್ನು ಮುಟ್ಟಲೇಬಾರದು.

ಕೊರತೆಗಳೂ ಇವೆ. ತೂಕ ಅರ್ಧ ಕಿಲೋದ ಆಸುಪಾಸು, ಅರ್ಧ ಗಂಟೆಗೆ ಮಣಿಕಟ್ಟು ಸೋಲುತ್ತದೆ. ತಂತಿ ಇದೆ. ನಿಮಿಷಕ್ಕೆ 4400 ಬಾರಿ ಆಡುವ ಮೇಲಿನ ವೇಗದಲ್ಲಿ ಬ್ಲೇಡು ಬೇಗ ಬಿಸಿಯಾಗುತ್ತದೆ. ಮುಖ, ಕಾಲಿಗೆ 3400ರ ಕೆಳವೇಗವೇ ಒಳ್ಳೆಯದು. ಮನೆಯಲ್ಲಿ ಒಂದು ಶಿಹ್ ತ್ಸೂ ಇದ್ದರೆ ಬ್ರಾವೂರಾ ತೆಗೆದುಕೊಳ್ಳಿ. ಕಾಕರ್, ಪೂಡಲ್ ಅಥವಾ ಎರಡು ಮೂರು ಉದ್ದಗೂದಲಿನ ನಾಯಿಗಳಿದ್ದರೆ ಎಜಿಸಿ, ಜೊತೆಗೆ 10 ಮತ್ತು 5ಎಫ್ ಬ್ಲೇಡು. ಇಷ್ಟರಿಂದ ಶುರು ಮಾಡಿದರೆ ಧಾರಾಳ ಆಯಿತು. 40ರ ಬ್ಲೇಡು ಬರಿಮೈಗೆ ಬೇಡ. ಅದು ಆಪರೇಷನ್ನಿಗೆ ಮುಂಚೆ ಡಾಕ್ಟರು ಬಳಸುವ ಅಳತೆ.

ಅಮೆರಿಕದಿಂದ ಬರುವ ನೆಂಟರ ಕೈಲಿ ತರಿಸುವವರಿಗೆ ಒಂದು ಎಚ್ಚರಿಕೆ. ಅಲ್ಲಿನ ತಂತಿಯ ಕ್ಲಿಪ್ಪರ್ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ, ಪಿನ್ನು ಬದಲಿಸುವ ಅಡಾಪ್ಟರ್ ಹಾಕಿದರೂ ವೋಲ್ಟೇಜ್ ಇಳಿಯುವುದಿಲ್ಲ. ಚಾರ್ಜರಿನ ಮೇಲೆ 100–240 ವೋಲ್ಟ್ ಎಂದು ಅಚ್ಚಾಗಿರುವ ಬ್ಯಾಟರಿ ಕ್ಲಿಪ್ಪರ್ ಆದರೆ ತೊಂದರೆಯಿಲ್ಲ.

ಇನ್ನು ಕೆಲಸ. ಕ್ರಮ ಹೀಗೆ: ಮೊದಲು ಬಾಚುವುದು, ಆಮೇಲೆ ಸ್ನಾನ, ಪೂರ್ತಿ ಒಣಗಿಸುವುದು, ಕೊನೆಗೆ ಕ್ಲಿಪ್ಪರ್. ಗಂಟಿರುವ ಕೂದಲಿಗೆ ನೀರು ಹಾಕಿದರೆ ಗಂಟು ಒಣಗುವಾಗ ಇನ್ನೂ ಬಿಗಿಯುತ್ತದೆ. ಸ್ನಾನ ಮಾಡಿಸದೆ ಕತ್ತರಿಸಿದರೆ ಮಣ್ಣು, ಜಿಡ್ಡು ಬ್ಲೇಡನ್ನು ಮೊಂಡು ಮಾಡುತ್ತವೆ. ಒದ್ದೆ ಕೂದಲು ಅಂಟಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ.

ಮೇಲೆ ಮೇಲೆ ಬ್ರಷ್ ಆಡಿಸಿದರೆ ಬಾಚಿದ ಹಾಗಲ್ಲ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದು, ಬೈತಲೆಯಂತೆ ಚರ್ಮದ ಗೆರೆ ಕಾಣಿಸುವಂತೆ ಮಾಡಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಕೂದಲು ಕೆಳಗೆ ಬಿಡುತ್ತ ಸ್ಲಿಕ್ಕರ್ ಬ್ರಷ್ (ಸಣ್ಣ ತಂತಿಹಲ್ಲುಗಳ ಬ್ರಷ್) ಹಾಕಬೇಕು. ಆಮೇಲೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಬರಬೇಕು. ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ ಅದು ನಿಂತೇ ನಿಲ್ಲುತ್ತದೆ. ಕಂಬಳಿಯಂತೆ ಗಟ್ಟಿಯಾದ ಗಂಟನ್ನು ಎಳೆದು ನಾಯಿಗೆ ನೋವು ಕೊಡಬೇಡಿ. 10ರ ಬ್ಲೇಡನ್ನು ಗಂಟಿಗೂ ಚರ್ಮಕ್ಕೂ ನಡುವೆ ಮಲಗಿಸಿ ಬಿಡಿಸಿ. ಕತ್ತರಿ ಖಂಡಿತ ಬೇಡ. ಗಂಟು ಎಳೆದಾಗ ಚರ್ಮವೂ ಅದರೊಳಗೆ ಎದ್ದು ಬರುತ್ತದೆ, ಕತ್ತರಿಗೆ ಸಿಕ್ಕ ಮೇಲೆ ಹೊಲಿಗೆಯೇ ಗತಿ.

ಕ್ಲಿಪ್ಪರನ್ನು ಕೂದಲು ಮಲಗುವ ದಿಕ್ಕಿಗೇ ಓಡಿಸಿ: ಕತ್ತಿನಿಂದ ಬಾಲಕ್ಕೆ, ಬೆನ್ನಿಂದ ಕೆಳಕ್ಕೆ. ಬ್ಲೇಡು ಚರ್ಮಕ್ಕೆ ಸಮನಾಗಿ ಮಲಗಿರಲಿ, ಮೂತಿ ಚುಚ್ಚದಿರಲಿ, ಒತ್ತಡ ಬೇಡ. ಸುಕ್ಕಾಗುವ ಕಡೆ ಎಡಗೈಯಿಂದ ಚರ್ಮ ಬಿಗಿಹಿಡಿಯಿರಿ. ಕಿವಿಯ ಹೊರ ಅಂಚಿನ ಬುಡದಲ್ಲಿ ಚರ್ಮ ಎರಡು ಪದರವಾಗಿ ಸಣ್ಣ ಜೇಬಿನಂತೆ ಇರುತ್ತದೆ, ಬ್ಲೇಡಿನ ಹಲ್ಲಿಗೆ ಅದು ಸುಲಭವಾಗಿ ಸಿಗುತ್ತದೆ. ಕಿವಿಯನ್ನು ಅಂಗೈ ಮೇಲೆ ಹರಡಿಕೊಂಡು ನಡುವಿನಿಂದ ಅಂಚಿನ ಕಡೆಗೆ ಬನ್ನಿ, ಅಂಚಿನಿಂದ ಒಳಕ್ಕೆ ಎಂದೂ ಬೇಡ.

ಐದು ನಿಮಿಷಕ್ಕೊಮ್ಮೆ ಬ್ಲೇಡನ್ನು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ನಿಮಗೆ ಚುರ್ ಎಂದರೆ ನಾಯಿಯ ಹೊಟ್ಟೆಗೂ ಚುರ್ ಎನ್ನುತ್ತದೆ. ಕ್ಲಿಪ್ಪರಿನ ಸುಟ್ಟಗಾಯ ಆಗಲೇ ಕಾಣಿಸುವುದಿಲ್ಲ, ಕೆಲವು ಗಂಟೆಯ ಮೇಲೆ ಕೆಂಪಾಗಿ ನಾಯಿ ನೆಕ್ಕತೊಡಗುತ್ತದೆ. ಬ್ಲೇಡು ಬಿಸಿಯಾಗಲು ಮುಖ್ಯ ಕಾರಣ ಎಣ್ಣೆ ಒಣಗಿರುವುದು. ಶುರುವಿಗೆ ಮೊದಲು, ನಡುವೆ, ಮುಗಿದ ಮೇಲೆ ಹಲ್ಲುಗಳ ಮೇಲೆ ಎರಡು ಹನಿ, ಬದಿಗಳಿಗೆ ಒಂದೊಂದು ಹನಿ ಕ್ಲಿಪ್ಪರ್ ಎಣ್ಣೆ ಬಿಟ್ಟು ಓಡಿಸಿ, ಹೆಚ್ಚಾದ್ದನ್ನು ಒರೆಸಿ. ಕೊಬ್ಬರಿ ಎಣ್ಣೆ ಹಾಕಬೇಡಿ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟುವ ಹಾಗೆಯೇ ಬ್ಲೇಡಿನೊಳಗೂ ಗಟ್ಟಿಯಾಗಿ ಕೂದಲನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪೊಮೆರೇನಿಯನ್, ಹಸ್ಕಿ, ಗೋಲ್ಡನ್ ರಿಟ್ರೀವರ್ ಇರುವ ಮನೆಯವರು ಏಪ್ರಿಲ್ ಬಿಸಿಲು ನೋಡಿ ಬೋಳಿಸಲು ಕ್ಲಿಪ್ಪರ್ ಹುಡುಕುತ್ತಾರೆ. ದಯವಿಟ್ಟು ಬೇಡ. ಇವುಗಳದು ಎರಡು ಪದರದ ಕೂದಲು. ಬೋಳಿಸಿದ ಮೇಲೆ ಒಳಗಿನ ಮೆತ್ತನೆ ಕೂದಲು ಮುಂದಾಗಿ ಬಂದು ಮೇಲಿನದು ಹಿಂದೆ ಬೀಳಬಹುದು, ಪೊಮೆರೇನಿಯನ್‌ಗಳಲ್ಲಂತೂ ತಿಂಗಳುಗಟ್ಟಲೆ ಕೂದಲೇ ಬಾರದೆ ತೇಪೆ ಉಳಿಯುವುದುಂಟು. ಚರ್ಮಕ್ಕೆ ಬಿಸಿಲು ನೇರ ಬೀಳುತ್ತದೆ. ಒಳಗೂದಲು ತೆಗೆಯುವ ರೇಕ್ ಬಾಚಣಿಗೆಯಿಂದ ಉದುರುವ ಕೂದಲು ತೆಗೆದರೆ ಗಾಳಿಯಾಡುತ್ತದೆ, ಅಷ್ಟು ಸಾಕು. ಮುಧೋಳ ನಾಯಿಗೆ ರಬ್ಬರ್ ಬ್ರಷ್ ಒಂದಿದ್ದರೆ ಆಯಿತು.

ಬ್ಲೇಡು ಕೂದಲು ಕಚ್ಚಿ ಎಳೆಯತೊಡಗಿದರೆ ಮೊಂಡಾಯಿತೆಂದು ಕೂಡಲೇ ತೀರ್ಮಾನಿಸಬೇಡಿ. ಎ-5 ಬ್ಲೇಡಿನ ಮೇಲಿನ ತುಂಡನ್ನು ಅರ್ಧ ಪಕ್ಕಕ್ಕೆ ಸರಿಸಿ, ಒಳಗೆ ಮೆತ್ತಿಕೊಂಡ ಕೂದಲನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಎಣ್ಣೆ ಬಿಟ್ಟು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ನಿಜಕ್ಕೂ ಮೊಂಡಾಗಿದ್ದರೆ ಎ-5 ಬ್ಲೇಡನ್ನು ಕ್ಲಿಪ್ಪರ್ ಬ್ಲೇಡಿಗೇ ಸಾಣೆ ಹಿಡಿಯುವವರಿಗೆ ಕೊಡಿ, ಎರಡೂ ತುಂಡನ್ನು ಜೋಡಿಯಾಗಿ. ಚಾಕು ಹರಿತ ಮಾಡುವ ಬೀದಿ ಸಾಣೆಚಕ್ರಕ್ಕೆ ಬೇಡ: ಎರಡು ತುಂಡು ಒಂದರ ಮೇಲೊಂದು ಸಮನಾಗಿ ಕೂತರೆ ಮಾತ್ರ ಬ್ಲೇಡು ಕತ್ತರಿಸುತ್ತದೆ, ಆ ಚಕ್ರ ಅಂಚನ್ನಷ್ಟೇ ಉಜ್ಜಿ ಆ ಸಮವನ್ನೇ ಕೆಡಿಸುತ್ತದೆ. ಬ್ರಾವೂರಾದ ತೆಳು ಬ್ಲೇಡಿಗಾದರೆ ಸಾಣೆಗಿಂತ ಹೊಸದು ಕೊಳ್ಳುವುದೇ ಸರಿ.